ಕ್ಯಾಸಿಯೊ ಎಫ್‌ಎಕ್ಸ್-991: ರೇಖಾತ್ಮಕ ಸಮೀಕರಣ ಬಿಡಿಸಲು ಕೊಳ್ಳುವವರಿಗೆ ಒಂದು ವಿಮರ್ಶೆ

ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ, ಮಣಿಪಾಲದ ಟೈಗರ್ ಸರ್ಕಲ್ ಬಳಿಯಲ್ಲಾಗಲಿ, ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಸೇರುವ ಮಕ್ಕಳು ಸ್ಟೇಷನರಿ ಅಂಗಡಿಯ ಕೌಂಟರಿನಲ್ಲಿ ಕೇಳುವುದು "ಒಂದು 991 ಕೊಡಿ" ಎಂದು. 991 ಅಂದರೆ ಕ್ಯಾಸಿಯೊ ಕಂಪನಿಯ ವೈಜ್ಞಾನಿಕ ಕ್ಯಾಲ್ಕುಲೇಟರ್, ಆದರೆ ಅದು ಒಂದೇ ಯಂತ್ರವಲ್ಲ. ಹಳೆಯ ಎಂಎಸ್, ಹೆಚ್ಚು ಬಳಕೆಯಲ್ಲಿರುವ ಇಎಸ್ ಪ್ಲಸ್, ಆಮೇಲಿನ ಇಎಕ್ಸ್, ಇತ್ತೀಚಿನ ಸಿಡಬ್ಲ್ಯು ಎಲ್ಲವೂ ಅದೇ ಸಂಖ್ಯೆ ಹೊತ್ತಿವೆ. ಸಮೀಕರಣ ಬಿಡಿಸುವ ರೀತಿಯಲ್ಲಿ ಇವುಗಳ ನಡುವೆ ಇರುವ ವ್ಯತ್ಯಾಸ ಸಣ್ಣದಲ್ಲ. ಈ ವಿಮರ್ಶೆ ಆ ಒಂದು ಕೆಲಸವನ್ನು ಮಾತ್ರ ನೋಡುತ್ತದೆ: ರೇಖಾತ್ಮಕ ಸಮೀಕರಣ. ಒಂದು ಚರಾಕ್ಷರದ್ದು, ಎರಡರದ್ದು, ಮೂರರದ್ದು. ತ್ರಿಕೋನಮಿತಿ, ಸಂಖ್ಯಾಶಾಸ್ತ್ರ, ಅನುಕಲನ ಇಲ್ಲಿಲ್ಲ.

ನಮ್ಮ ತೀರ್ಪು ಮೊದಲೇ ಹೇಳುವುದಾದರೆ, ಇಎಸ್ ಪ್ಲಸ್ ಸಾಕು. ಆದರೆ ಅದನ್ನು ಉತ್ತರ ಕೊಡುವ ಯಂತ್ರವೆಂದು ಕೊಂಡವರಿಗೆ ಅದರ ಅರ್ಧ ಬೆಲೆಯೂ ದಕ್ಕುವುದಿಲ್ಲ. ಹಾಳೆಯ ಮೇಲೆ ಯಾವ ಸಾಲಿನಲ್ಲಿ ತಪ್ಪಿದೆ ಎಂದು ಹಿಡಿಯಲು ಬಳಸಿದವರಿಗೆ ಪೂರ್ತಿ ದಕ್ಕುತ್ತದೆ.

ಪರದೆಯ ಮೇಲೆ ಕಾಣುವ ಎಕ್ಸ್ ಅಕ್ಷರವನ್ನು ಇಲ್ಲಿ ಕ್ಷ ಎಂದೂ ವೈ ಅಕ್ಷರವನ್ನು ಯ ಎಂದೂ ಬರೆದಿದ್ದೇವೆ.

ಯಾವ 991?

ಮೊದಲು ಕೌಂಟರಿನಲ್ಲೇ ಆಗುವ ತಪ್ಪು. ಎಫ್‌ಎಕ್ಸ್-82ಎಂಎಸ್ ಎಂಬುದು ನೋಡಲು 991ಎಂಎಸ್‌ನ ತಮ್ಮನಂತೆ ಇರುತ್ತದೆ, ಬೆಲೆಯೂ ಕಡಿಮೆ. ಅದರಲ್ಲಿ ಸಮೀಕರಣದ ಮೋಡ್ ಇಲ್ಲ, ಸಾಲ್ವ್ ಕೀಲಿಯೂ ಇಲ್ಲ. ಮೋಡ್ ಕೀಲಿ ಇರುವ ಎಂಎಸ್, ಇಎಸ್ ಪ್ಲಸ್ ಮಾದರಿಗಳಲ್ಲಿ ಅದನ್ನು ಒತ್ತಿ ನೋಡಿ, 'ಇಕ್ಯುಎನ್' (ಇಕ್ವೇಷನ್, ಅಂದರೆ ಸಮೀಕರಣ) ಎಂಬ ಅಕ್ಷರಗಳು ಎಲ್ಲೂ ಬರದಿದ್ದರೆ ಆ ಯಂತ್ರ ಈ ಕೆಲಸಕ್ಕಲ್ಲ.

991ಎಂಎಸ್‌ನಲ್ಲಿ ಮೋಡ್ ಮೂರು ಸಲ ಒತ್ತಿ 1 ಒತ್ತಿದರೆ ಸಮೀಕರಣದ ವಿಭಾಗ ಸಿಗುತ್ತದೆ. ಎರಡು ಚರಾಕ್ಷರವೋ ಮೂರೋ ಎಂದು ಕೇಳಿ, ಆಮೇಲೆ ಸಹಗುಣಕಗಳನ್ನು ಒಂದೊಂದಾಗಿ ಕೇಳುತ್ತದೆ. ಇಡೀ ಸಮೀಕರಣ ಒಟ್ಟಿಗೆ ಕಾಣುವುದಿಲ್ಲ, ದೋಷವಿರುವುದು ಅಲ್ಲೇ. ನಾಲ್ಕನೆಯ ಸಂಖ್ಯೆಗೆ ಋಣಚಿಹ್ನೆ ಹಾಕಿದೆವೋ ಇಲ್ಲವೋ ಎಂದು ಅನುಮಾನ ಬಂದರೆ ಬಾಣದ ಕೀಲಿಯಿಂದ ಒಂದೊಂದೇ ತಿರುವಿ ನೋಡಬೇಕು.

ಇಎಸ್ ಪ್ಲಸ್‌ನಲ್ಲಿ ಮೋಡ್, 5, 1 ಒತ್ತಿದರೆ ಎರಡು ಸಾಲು ಮೂರು ಕಂಬಗಳ ಕೋಷ್ಟಕ ಎದುರಿಗೆ ಬರುತ್ತದೆ. ಎ, ಬಿ, ಸಿ ಮೂರೂ ಕಂಬ ಒಟ್ಟಿಗೆ ಕಾಣುತ್ತವೆ. ಪುಸ್ತಕದ ಪಕ್ಕದಲ್ಲಿಟ್ಟು ಒಂದೇ ನೋಟದಲ್ಲಿ ತಾಳೆ ಹಾಕಬಹುದು. ಎಂಎಸ್ ಬಿಟ್ಟು ಇದಕ್ಕೆ ಹೆಚ್ಚು ಹಣ ಕೊಡಲು ಈ ಒಂದು ಕೋಷ್ಟಕವೇ ಸಾಕಾದ ಕಾರಣ. ಮೋಡ್, 5, 2 ಒತ್ತಿದರೆ ಮೂರು ಚರಾಕ್ಷರದ್ದು. ಅಲ್ಲಿ ಒಂದು ಎಚ್ಚರ: ಪರದೆ ಸಣ್ಣದು, ನಾಲ್ಕನೆಯ ಕಂಬ, ಅಂದರೆ ಬಲಬದಿಯ ಸ್ಥಿರಾಂಕ, ಮರೆಯಲ್ಲಿರುತ್ತದೆ. ಬಲಕ್ಕೆ ಸರಿಸಿ ನೋಡದೆ ಉತ್ತರಕ್ಕೆ ಹೋಗಬಾರದು.

ಇಎಕ್ಸ್ ಮತ್ತು ಸಿಡಬ್ಲ್ಯು ನಾಲ್ಕು ಚರಾಕ್ಷರಗಳವರೆಗೆ ಹೋಗುತ್ತವೆ. ಡಿಪ್ಲೊಮಾ ಮಟ್ಟದಲ್ಲಿ ನಾಲ್ಕರ ಅಗತ್ಯ ಅಪರೂಪ. ಸಿಡಬ್ಲ್ಯು ಕೊಳ್ಳುವವರು ತಿಳಿದಿರಬೇಕಾದದ್ದು ಬೇರೆಯೇ ಇದೆ. ಅದರ ಕೀಲಿಗಳ ವಿನ್ಯಾಸವೇ ಬದಲಾಗಿದೆ. ಹೋಮ್ ಒತ್ತಿ ಇಕ್ವೇಷನ್ ಎಂಬ ಚಿತ್ರ ಆರಿಸಬೇಕು, ಸಾಲ್ವ್ ಕೂಡ ಅದರೊಳಗೇ ಸೇರಿದೆ, ಸಮ ಚಿಹ್ನೆಯ ದೊಡ್ಡ ಕೀಲಿಯ ಜಾಗದಲ್ಲಿ ಎಕ್ಸಿಕ್ಯೂಟ್ ಕೀಲಿ ಇದೆ, ಭಿನ್ನರಾಶಿಯಿಂದ ದಶಮಾಂಶಕ್ಕೆ ಬದಲಿಸಲು ಫಾರ್ಮ್ಯಾಟ್ ಕೀಲಿ ಬೇಕು. ಸೀನಿಯರ್‌ಗಳು ಹೇಳಿಕೊಡುವ "ಮೋಡ್ ಐದು ಒಂದು" ಇದರಲ್ಲಿ ನಡೆಯುವುದಿಲ್ಲ. ತರಗತಿಯಲ್ಲಿ ಎಲ್ಲರೂ ಇಎಸ್ ಪ್ಲಸ್ ಹಿಡಿದಿದ್ದರೆ, ಉಪನ್ಯಾಸಕರು ಕೀಲಿ ಹೇಳುತ್ತಾ ಹೋಗುವಾಗ ಸಿಡಬ್ಲ್ಯು ಇರುವವನು ಹಿಂದೆ ಬೀಳುತ್ತಾನೆ. ಯಂತ್ರ ಕೆಟ್ಟದ್ದೆಂದು ಇದರರ್ಥವಲ್ಲ. ಒಂದು ವಾರ ಕೂತು ಕಲಿಯಬೇಕು, ಅಷ್ಟೆ.

ಕೌಂಟರಿನಲ್ಲೇ ಮಾಡಬೇಕಾದ ಪರೀಕ್ಷೆ

ಕ್ಯಾಸಿಯೊ ಹೆಸರಿನ ನಕಲಿಗಳೂ ಮಾರುಕಟ್ಟೆಯಲ್ಲಿವೆ. ವಾರಂಟಿ ಕಾರ್ಡಿಗೆ ಅಂಗಡಿಯ ಮುದ್ರೆ ಹಾಕಿಸಿಕೊಳ್ಳುವುದರ ಜೊತೆಗೆ ಎರಡು ಲೆಕ್ಕ ಮಾಡಿಸಿ ನೋಡಿ.

ಮೊದಲನೆಯದು ಕನ್ನಡ ನಾಡಿನದೇ ಹಳೆಯ ಲೆಕ್ಕ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ದಲ್ಲಿ ಬರುವುದು. 9 ಮಾದಲ ಹಣ್ಣಿಗೂ 7 ಬೇಲದ ಹಣ್ಣಿಗೂ ಸೇರಿ ಬೆಲೆ 107, 7 ಮಾದಲಕ್ಕೂ 9 ಬೇಲಕ್ಕೂ ಸೇರಿ 101, ಒಂದೊಂದರ ಬೆಲೆ ಎಷ್ಟು? ಇಎಸ್ ಪ್ಲಸ್‌ನಲ್ಲಿ ಮೋಡ್, 5, 1 ಒತ್ತಿ 9, 7, 107, 7, 9, 101 ಎಂದು ಪ್ರತಿ ಸಂಖ್ಯೆಯ ನಂತರ ಸಮ ಚಿಹ್ನೆ ಒತ್ತುತ್ತಾ ಹೋಗಿ. ಇನ್ನೊಮ್ಮೆ ಸಮ ಒತ್ತಿದರೆ ಕ್ಷ = 8, ಮತ್ತೊಮ್ಮೆ ಒತ್ತಿದರೆ ಯ = 5. ಒಟ್ಟು 21 ಸಲ ಬೆರಳು ಆಡುತ್ತದೆ.

ಇದೇ ಲೆಕ್ಕ ಬಾಯಲ್ಲಿ ಇನ್ನೂ ಬೇಗ ಆಗುತ್ತದೆ. ಎರಡನ್ನೂ ಕೂಡಿದರೆ 16 ಜೋಡಿಗೆ 208, ಅಂದರೆ ಒಂದು ಜೋಡಿಗೆ 13. ಕಳೆದರೆ 2ಕ್ಷ − 2ಯ = 6, ಅಂದರೆ ವ್ಯತ್ಯಾಸ 3. ಮೊತ್ತ 13, ವ್ಯತ್ಯಾಸ 3, ಆದ್ದರಿಂದ 8 ಮತ್ತು 5. ಸಹಗುಣಕಗಳು ಹೀಗೆ ಅದಲುಬದಲಾಗಿ ಕೂತಿರುವ ಜೋಡಿ ಎಸ್ಸೆಸ್ಸೆಲ್ಸಿ ಅಭ್ಯಾಸಗಳಲ್ಲಿ ಪದೇ ಪದೇ ಬರುತ್ತದೆ. ಅಂಥದ್ದಕ್ಕೆ ಯಂತ್ರ ತೆಗೆಯುವುದು ಪಕ್ಕದ ಮನೆಗೆ ಹೋಗಲು ಬಸ್ ಕಾದಂತೆ.

ಎರಡನೆಯ ಪರೀಕ್ಷೆ ಯಂತ್ರವನ್ನು ಬೇಕೆಂದೇ ಕಷ್ಟಕ್ಕೆ ಸಿಕ್ಕಿಸುವುದು. 2ಕ್ಷ + 3ಯ = 7 ಮತ್ತು 4ಕ್ಷ + 6ಯ = 15 ಕೊಡಿ. ಇವು ಸಮಾಂತರ ರೇಖೆಗಳು, ಪರಿಹಾರವಿಲ್ಲ. ಆಮೇಲೆ 15ರ ಜಾಗದಲ್ಲಿ 14 ಹಾಕಿ. ಈಗ ಎರಡೂ ಒಂದೇ ರೇಖೆ, ಅಪರಿಮಿತ ಪರಿಹಾರಗಳು. ಎಂಎಸ್ ಎರಡಕ್ಕೂ 'ಮ್ಯಾತ್ ಎರರ್' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಇಎಕ್ಸ್ ಎರಡಕ್ಕೂ ಬೇರೆ ಬೇರೆ ಸಂದೇಶ ಕೊಡುತ್ತದೆ. ನಿಮ್ಮ ಕೈಗೆ ಬಂದ ಯಂತ್ರ ಯಾವ ರೀತಿಯದು ಎಂದು ಕೊಳ್ಳುವಾಗಲೇ ಗೊತ್ತಿರಲಿ. 'ಮ್ಯಾತ್ ಎರರ್' ಮಾತ್ರ ಹೇಳುವ ಯಂತ್ರವಾದರೆ ಮುಂದಿನ ಕೆಲಸ ನಿಮ್ಮದು: ಸಹಗುಣಕಗಳ ಅನುಪಾತ 2/4 ಮತ್ತು 3/6 ಸಮವಿವೆ, ಸ್ಥಿರಾಂಕಗಳ ಅನುಪಾತವೂ 7/14 ಆಗಿ ಅದೇ ಬಂದರೆ ಅಪರಿಮಿತ, 7/15 ಆಗಿ ಬೇರೆ ಬಂದರೆ ಪರಿಹಾರವಿಲ್ಲ. ಯಾವುದೇ ದೋಷ ಸಂದೇಶ ಕೊಡದೆ ಒಂದು ಸಂಖ್ಯೆಯನ್ನೇ ತೋರಿಸಿಬಿಡುವ ಯಂತ್ರವಾದರೆ ಹಾಗೇ ವಾಪಸ್ ಕೊಡಿ.

ಸ್ಥಿರಾಂಕದ ಚಿಹ್ನೆ

ಇನ್ನು ನಿಜವಾದ ಬಳಕೆಗೆ ಬರೋಣ. ಅತಿ ಹೆಚ್ಚು ತಪ್ಪಾಗುವುದು ಒಂದೇ ಜಾಗದಲ್ಲಿ. ಶಾಲೆಯಲ್ಲಿ ಓರೆ ಗುಣಾಕಾರ ಕಲಿಸುವಾಗ ಸಮೀಕರಣದ ಆದರ್ಶ ರೂಪ ಎಲ್ಲ ಪದಗಳೂ ಎಡಬದಿಗೆ, ಬಲಬದಿಗೆ ಸೊನ್ನೆ. ಯಂತ್ರಕ್ಕೆ ಬೇಕಾದ ರೂಪ ಚರಾಕ್ಷರಗಳು ಎಡಕ್ಕೆ, ಸ್ಥಿರಾಂಕ ಬಲಕ್ಕೆ. 2ಕ್ಷ + 3ಯ − 12 = 0 ಎಂದಿರುವುದನ್ನು ಕಂಡಂತೆಯೇ 2, 3, −12 ಎಂದು ತುಂಬಿದರೆ ಯಂತ್ರ ಬಿಡಿಸುವುದು 2ಕ್ಷ + 3ಯ = −12 ಅನ್ನು. ಎರಡೂ ಸಾಲಿನಲ್ಲಿ ಹೀಗೆ ಮಾಡಿದರೆ ಉತ್ತರದ ಅಂಕಿ ಸರಿ, ಎರಡರ ಚಿಹ್ನೆಯೂ ತಲೆಕೆಳಗು. ಕ್ಷ = 3, ಯ = 2 ಬರಬೇಕಾದಲ್ಲಿ −3, −2 ಬರುತ್ತದೆ. ಪುಸ್ತಕದ ಹಿಂದಿನ ಉತ್ತರಕ್ಕೂ ನಿಮ್ಮದಕ್ಕೂ ಎಲ್ಲ ಚಿಹ್ನೆಗಳು ಮಾತ್ರ ಉಲ್ಟಾ ಆಗಿದ್ದರೆ ಬೇರೆಲ್ಲೂ ಹುಡುಕಬೇಡಿ, ಸ್ಥಿರಾಂಕದ ಕಂಬ ನೋಡಿ. ಒಂದೇ ಸಾಲಿನಲ್ಲಿ ಈ ತಪ್ಪಾದರೆ ಪತ್ತೆ ಕಷ್ಟ, ಏಕೆಂದರೆ ಉತ್ತರದ ಅಂಕಿಗಳೇ ಬೇರೆಯಾಗಿಬಿಡುತ್ತವೆ.

ಗೊಂದಲ ಹೆಚ್ಚಿಸುವ ಇನ್ನೊಂದು ಸಂಗತಿ: ಅದೇ ಯಂತ್ರದ ವರ್ಗಸಮೀಕರಣದ ವಿಭಾಗದಲ್ಲಿ (ಮೋಡ್, 5, 3) ಬಲಬದಿ ಸೊನ್ನೆ. ಹಾಗಾಗಿ ಅಲ್ಲಿ −12ನ್ನು −12 ಎಂದೇ ಕೊಡಬೇಕು. ಒಂದೇ ಪ್ರಶ್ನೆಯಲ್ಲಿ ಎರಡೂ ವಿಭಾಗ ಬಳಸುವವರು ಇಲ್ಲಿ ಎಡವುತ್ತಾರೆ.

ಚರಾಕ್ಷರ ಇಲ್ಲದ ಕಡೆ 0 ತುಂಬಬೇಕು ಎಂಬುದು ಎಲ್ಲರಿಗೂ ಗೊತ್ತು, ಆದರೂ ಅವಸರದಲ್ಲಿ ಮುಂದಿನ ಸಂಖ್ಯೆ ಆ ಜಾಗಕ್ಕೆ ಬಂದು ಕೂರುತ್ತದೆ. ತುಂಬುತ್ತಿರುವಾಗ ಎಸಿ ಒತ್ತಿದರೆ ಕೋಷ್ಟಕದ ಎಲ್ಲ ಸಂಖ್ಯೆಗಳೂ ಸೊನ್ನೆಯಾಗುತ್ತವೆ, ಒಂದೇ ಮನೆ ತಿದ್ದಲು ಬಾಣದಿಂದ ಅಲ್ಲಿಗೆ ಹೋಗಿ ಹೊಸ ಸಂಖ್ಯೆ ಒತ್ತಿ ಸಮ ಒತ್ತಿದರೆ ಸಾಕು.

ಪಾಲಿಟೆಕ್ನಿಕ್ ಹುಡುಗರಿಗೆ: ಮೆಶ್ ಲೆಕ್ಕ

ಕದ್ರಿ ಗುಡ್ಡದ ಕರ್ನಾಟಕ ಪಾಲಿಟೆಕ್ನಿಕ್‌ನಿಂದ ಸುರತ್ಕಲ್‌ನ ಎನ್‌ಐಟಿಕೆವರೆಗೆ, ಎಲೆಕ್ಟ್ರಿಕಲ್ ಓದುವವರು ಈ ಮೋಡ್ ಅನ್ನು ಹೆಚ್ಚು ಬಳಸುವುದು ವಿದ್ಯುತ್ ಮಂಡಲದ ಮೆಶ್ ವಿಶ್ಲೇಷಣೆಗೆ, ಅಂದರೆ ಮಂಡಲದ ಒಂದೊಂದು ಕುಣಿಕೆಗೂ ಒಂದೊಂದು ಸಮೀಕರಣ ಬರೆದು ಪ್ರವಾಹ ಕಂಡುಹಿಡಿಯಲು. ಸಣ್ಣ ಉದಾಹರಣೆ ತೆಗೆದುಕೊಳ್ಳೋಣ. ಎಡ ಕುಣಿಕೆಯಲ್ಲಿ 12 ವೋಲ್ಟ್ ಬ್ಯಾಟರಿ, 4 ಓಮ್ ರೋಧಕ. ಬಲ ಕುಣಿಕೆಯಲ್ಲಿ 6 ಓಮ್. ಎರಡಕ್ಕೂ ಸಾಮಾನ್ಯವಾದ ನಡುವಿನ ಕೊಂಡಿಯಲ್ಲಿ 2 ಓಮ್. ಎಡ ಕುಣಿಕೆಯ ಪ್ರವಾಹ ಕ್ಷ, ಬಲದ್ದು ಯ ಎಂದು ಎರಡನ್ನೂ ಪ್ರದಕ್ಷಿಣವಾಗಿ ತೆಗೆದುಕೊಂಡರೆ ಸಮೀಕರಣಗಳು 6ಕ್ಷ − 2ಯ = 12 ಮತ್ತು −2ಕ್ಷ + 8ಯ = 0.

ತುಂಬಿದರೆ ಕ್ಷ = 24/11, ಯ = 6/11 ಆಂಪಿಯರ್. ಭಿನ್ನರಾಶಿಯಲ್ಲೇ ಬರುತ್ತದೆ, ಎಸ್-ಡಿ ಕೀಲಿ ಒತ್ತಿದರೆ 2.1818 ಮತ್ತು 0.5455. ಮುಂದಿನ ಲೆಕ್ಕಕ್ಕೆ ಭಿನ್ನರಾಶಿಯನ್ನೇ ಬರೆದುಕೊಳ್ಳುವುದು ಒಳ್ಳೆಯದು, ಕೊನೆಯಲ್ಲಿ ಮಾತ್ರ ದಶಮಾಂಶ.

ಈಗ ಎರಡನೆಯ ಸಾಲಿನ −2ರಲ್ಲಿ ಋಣಚಿಹ್ನೆ ಬಿಟ್ಟುಹೋಯಿತೆನ್ನಿ. ಯಂತ್ರ 24/13 ಮತ್ತು −6/13 ಎಂದು ಅಷ್ಟೇ ಶಾಂತವಾಗಿ ಹೇಳುತ್ತದೆ. ಅದಕ್ಕೆ ಮಂಡಲ ಗೊತ್ತಿಲ್ಲ. ಇಲ್ಲಿ ಕೋಷ್ಟಕದ ನೋಟ ಕೈಹಿಡಿಯುತ್ತದೆ: ರೋಧಕ ಮತ್ತು ಸ್ವತಂತ್ರ ವೋಲ್ಟೇಜ್ ಮೂಲಗಳು ಮಾತ್ರ ಇರುವ ಮಂಡಲದಲ್ಲಿ, ಎಲ್ಲ ಪ್ರವಾಹಗಳನ್ನೂ ಒಂದೇ ದಿಕ್ಕಿಗೆ ಹಿಡಿದಿದ್ದರೆ, ಕರ್ಣದ ಆಚೀಚೆಯ ಸಂಖ್ಯೆಗಳು ಸಮವಿರಬೇಕು ಮತ್ತು ಋಣವಿರಬೇಕು (ಎರಡು ಕುಣಿಕೆಗಳ ನಡುವೆ ಸಾಮಾನ್ಯ ರೋಧಕವಿಲ್ಲದಿದ್ದರೆ 0). ಕರ್ಣದ ಮೇಲಿನವು ಧನವಿರಬೇಕು. ಮೊದಲ ಸಾಲಿನ ಎರಡನೆಯ ಮನೆ −2, ಎರಡನೆಯ ಸಾಲಿನ ಮೊದಲ ಮನೆಯೂ −2 ಆಗಿದೆಯೇ ಎಂದು ಸಮ ಒತ್ತುವ ಮೊದಲು ಕಣ್ಣಾಡಿಸಿ. ಮೂರು ಕುಣಿಕೆಗಳಿದ್ದರೆ ಇಂಥ ಮೂರು ಜೋಡಿ ತಾಳೆಯಾಗಬೇಕು. ಹತ್ತು ಸೆಕೆಂಡಿನ ಕೆಲಸ, ಹತ್ತು ಅಂಕ ಉಳಿಸುತ್ತದೆ.

ಉತ್ತರ ಬಂದ ಮೇಲಿನ ತಾಳೆಗೆ ಶಕ್ತಿಯ ಲೆಕ್ಕ ಒಳ್ಳೆಯದು. ಬ್ಯಾಟರಿ ಕೊಡುವುದು 12 × 24/11 = 26.18 ವ್ಯಾಟ್. ರೋಧಕಗಳು ತೆಗೆದುಕೊಳ್ಳುವುದು 19.04, 5.36, 1.79, ಕೂಡಿದರೆ 26.19. ಕೊನೆಯ ಅಂಕಿಯ ವ್ಯತ್ಯಾಸ ದುಂಡಾಗಿಸಿದ್ದರಿಂದ. ತುಂಬಿದ ಸಂಖ್ಯೆಗಳಿಗೇ ಉತ್ತರ ಹಾಕಿ ನೋಡಿದರೆ ತಪ್ಪಾಗಿ ತುಂಬಿದ ಸಮೀಕರಣವೂ ಸರಿಯೆಂದೇ ಕಾಣುತ್ತದೆ. ತಾಳೆ ಯಾವಾಗಲೂ ಪ್ರಶ್ನೆಗೆ ಆಗಬೇಕು, ಕೋಷ್ಟಕಕ್ಕಲ್ಲ.

0.33 ತರುವ ಹಾನಿ

ಇದನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಒಂದನೆಯ ಸಮೀಕರಣ ಕ್ಷ/3 + ಯ = 2, ಎರಡನೆಯದು ಕ್ಷ + 3ಯ = 6. ನೋಡಿದರೆ ತಿಳಿಯುತ್ತದೆ, ಮೊದಲನೆಯದನ್ನು 3ರಿಂದ ಗುಣಿಸಿದರೆ ಎರಡನೆಯದೇ. ಅಪರಿಮಿತ ಪರಿಹಾರಗಳು. ಈಗ 1/3ರ ಬದಲು 0.33 ಎಂದು ತುಂಬಿ. ಯಂತ್ರ ಯಾವ ಸಂದೇಶವನ್ನೂ ಕೊಡದೆ ಕ್ಷ = 0, ಯ = 2 ಎಂದು ಒಂದೇ ಒಂದು ಉತ್ತರ ತೋರಿಸುತ್ತದೆ. ಕಾರಣ ಸರಳ: 0.33ನ್ನು 3ರಿಂದ ಗುಣಿಸಿದರೆ 0.99, ಎರಡನೆಯದರಿಂದ ಕಳೆದರೆ 0.01ಕ್ಷ = 0 ಉಳಿಯುತ್ತದೆ. ದುಂಡಾಗಿಸಿದ ನೂರರಲ್ಲಿ ಒಂದು ಪಾಲು ಇಲ್ಲದ ಉತ್ತರವನ್ನು ಹುಟ್ಟಿಸಿತು.

ಹಾಗೆಯೇ ಕ್ಷ + ಯ = 2 ಮತ್ತು ಕ್ಷ + 1.001ಯ = 2.001. ಉತ್ತರ 1, 1. ಕೊನೆಯ 2.001ನ್ನು 2 ಎಂದು ದುಂಡಾಗಿಸಿದರೆ ಉತ್ತರ 2, 0. ರೇಖೆಗಳು ಹೆಚ್ಚುಕಡಿಮೆ ಸಮಾಂತರವಿದ್ದಾಗ ಸೇರುವ ಬಿಂದು ಕೂದಲೆಳೆಯ ವ್ಯತ್ಯಾಸಕ್ಕೂ ದೂರ ಜಾರುತ್ತದೆ. ಇದು ಕ್ಯಾಸಿಯೊ ದೋಷವಲ್ಲ, ಗಣಿತದ ಸ್ವಭಾವ. ಆದ್ದರಿಂದ ನಿಯಮ: ಛೇದಗಳಿದ್ದರೆ ಮೊದಲು ಲ.ಸಾ.ಅ.ದಿಂದ ಇಡೀ ಸಮೀಕರಣವನ್ನು ಗುಣಿಸಿ ಪೂರ್ಣಾಂಕ ಮಾಡಿಕೊಂಡು ಆಮೇಲೆ ತುಂಬಿ. ಹಿಂದಿನ ಲೆಕ್ಕದಿಂದ ಬಂದ ದಶಮಾಂಶವಾದರೆ ಸಿಕ್ಕಷ್ಟೂ ಸ್ಥಾನಗಳನ್ನು ತುಂಬಿ, ಎರಡು ಸ್ಥಾನಕ್ಕೆ ಕತ್ತರಿಸಬೇಡಿ.

ಸಾಲ್ವ್ ಕೀಲಿ, ನಮಗೆ ಹೆಚ್ಚು ಇಷ್ಟವಾದದ್ದು

ಒಂದು ಚರಾಕ್ಷರದ ರೇಖಾತ್ಮಕ ಸಮೀಕರಣಕ್ಕೆ ಇಕ್ಯುಎನ್ ಮೋಡ್‌ನಲ್ಲಿ ಜಾಗವಿಲ್ಲ. ಅದಕ್ಕೆ ಸಾಲ್ವ್ ಇದೆ, ಸಾಮಾನ್ಯ ಲೆಕ್ಕದ ಮೋಡ್‌ನಲ್ಲಿ (ಮೋಡ್, 1). ಕ್ಷ ಬರೆಯಲು ಆಲ್ಫಾ ಮತ್ತು ಬಲ ಆವರಣದ ಕೀಲಿ. ಸಮೀಕರಣದೊಳಗಿನ ಸಮ ಚಿಹ್ನೆಗೆ ಆಲ್ಫಾ ಮತ್ತು ಕ್ಯಾಲ್ಕ್. ಅದು ಕ್ಯಾಲ್ಕ್ ಕೀಲಿಯ ಮೇಲೆ ಕೆಂಪಕ್ಷರದಲ್ಲಿದೆ. ಕೆಳಗಿನ ದೊಡ್ಡ ಸಮ ಕೀಲಿ ಒತ್ತಿದರೆ ಅದು ಲೆಕ್ಕ ಮುಗಿಸಿಬಿಡುತ್ತದೆ. ಬರೆದು ಮುಗಿದ ಮೇಲೆ ಶಿಫ್ಟ್, ಕ್ಯಾಲ್ಕ್. ಆರಂಭದ ಬೆಲೆ ಕೇಳುತ್ತದೆ, 0 ಕೊಟ್ಟು ಸಮ ಒತ್ತಿ.

ಒಳಗೆ ನಡೆಯುವುದು ನ್ಯೂಟನ್ ವಿಧಾನ. ಒಂದು ಊಹೆಯಿಂದ ಹೊರಟು, ಅಲ್ಲಿ ಸ್ಪರ್ಶರೇಖೆ ಎಳೆದು, ಅದು ಸೊನ್ನೆಯನ್ನು ಮುಟ್ಟುವಲ್ಲಿಗೆ ಜಿಗಿಯುವುದು. ರೇಖಾತ್ಮಕ ಸಮೀಕರಣದ ನಕ್ಷೆಯೇ ನೇರ ರೇಖೆಯಾದ್ದರಿಂದ ಸ್ಪರ್ಶರೇಖೆಯೂ ಅದೇ, ಹಾಗಾಗಿ ಎಲ್ಲಿಂದ ಹೊರಟರೂ ಒಂದೇ ಜಿಗಿತದಲ್ಲಿ ಉತ್ತರ. ವರ್ಗಸಮೀಕರಣದಲ್ಲಿ ಆರಂಭದ ಬೆಲೆ ಬದಲಾದರೆ ಉತ್ತರ ಬದಲಾಗಬಹುದು, ಇಲ್ಲಿ ಹಾಗಿಲ್ಲ.

ಇದರ ನಿಜವಾದ ಉಪಯೋಗ ಹೀಗೆ. 3(ಕ್ಷ − 4) = 5 − 2(ಕ್ಷ + 1) ಎಂಬುದನ್ನು ವಿದ್ಯಾರ್ಥಿ ಕೈಯಲ್ಲಿ ಬಿಡಿಸಿದ್ದಾನೆ. ಎರಡನೆಯ ಸಾಲು 3ಕ್ಷ − 12 = 7 − 2ಕ್ಷ, ಮೂರನೆಯದು 5ಕ್ಷ = 19, ಉತ್ತರ 3.8. ಮೂಲ ಸಮೀಕರಣವನ್ನು ಇದ್ದಂತೆಯೇ, ಏನೂ ಸರಳಗೊಳಿಸದೆ, ಯಂತ್ರಕ್ಕೆ ಕೊಟ್ಟು ಸಾಲ್ವ್ ಮಾಡಿದರೆ 3. ತಪ್ಪಿದೆ ಎಂದಾಯಿತು. ಎಲ್ಲಿ? ಸಾಲ್ವ್ ಮಾಡಿದ ಉತ್ತರ ಕ್ಷ ಎಂಬ ನೆನಪಿನ ಜಾಗದಲ್ಲಿ ತಾನಾಗಿ ಉಳಿದಿರುತ್ತದೆ. ಈಗ ಹಾಳೆಯ ಒಂದೊಂದು ಸಾಲಿನ ಎಡಬದಿ, ಬಲಬದಿಗಳನ್ನು ಬೇರೆ ಬೇರೆಯಾಗಿ ಬರೆದು ಸಮ ಒತ್ತಿ. ಮೊದಲ ಸಾಲು: ಎಡ −3, ಬಲ −3. ಎರಡನೆಯ ಸಾಲು: 3ಕ್ಷ − 12 ಕೊಟ್ಟರೆ −3, 7 − 2ಕ್ಷ ಕೊಟ್ಟರೆ 1. ಇಲ್ಲೇ ತಪ್ಪಿದೆ, ಅದೂ ಬಲಬದಿಯಲ್ಲಿ. −2ನ್ನು ಆವರಣದೊಳಗಿನ 1ಕ್ಕೆ ಗುಣಿಸುವಾಗ ಋಣಚಿಹ್ನೆ ಬಿದ್ದುಹೋಗಿ +2 ಆಗಿದೆ. 5 − 2 = 3 ಆಗಬೇಕಿತ್ತು, 7 ಆಯಿತು.

ಸರಿಯಾದ ಉತ್ತರವು ಸರಿಯಾದ ಪ್ರತಿ ಸಾಲಿನಲ್ಲೂ ಎರಡೂ ಬದಿಯನ್ನು ಸಮ ಮಾಡುತ್ತದೆ. ಸಮತೆ ಮೊದಲ ಬಾರಿ ಮುರಿಯುವ ಸಾಲೇ ತಪ್ಪಿನ ಸಾಲು. ಹತ್ತು ಸಾಲಿನ ಲೆಕ್ಕವಾದರೆ ನಡುವಿನ ಸಾಲಿನಿಂದ ಶುರು ಮಾಡಿ, ಅಲ್ಲಿ ಸಮವಿದ್ದರೆ ತಪ್ಪು ಕೆಳಗಿದೆ, ಇಲ್ಲದಿದ್ದರೆ ಮೇಲಿದೆ. ಟ್ಯೂಷನ್‌ನಲ್ಲಿ ಮೇಷ್ಟ್ರು ಪಕ್ಕದಲ್ಲಿ ಕೂತು ಬೆರಳಿಟ್ಟು ತೋರಿಸುವ ಕೆಲಸವನ್ನು ಯಂತ್ರದಿಂದ ಮಾಡಿಸಿಕೊಳ್ಳುವುದು ಹೀಗೆ. ಮನೆಯಲ್ಲಿ ಒಂಟಿಯಾಗಿ ಅಭ್ಯಾಸ ಮಾಡುವ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಈ ಯಂತ್ರದ ಅತಿ ದೊಡ್ಡ ಲಾಭ ಇದೇ ಎಂದು ನಮ್ಮ ದೃಢ ಅಭಿಪ್ರಾಯ. ಉತ್ತರವನ್ನು ಮಾತ್ರ ಹೋಲಿಸುವ ಮಗು "ತಪ್ಪಾಯಿತು" ಎಂದು ಇಡೀ ಲೆಕ್ಕ ಹೊಡೆದುಹಾಕುತ್ತದೆ. ಸಾಲು ಹುಡುಕುವ ಮಗುವಿಗೆ ತನ್ನ ತಪ್ಪು ಯಾವ ಜಾತಿಯದು ಎಂದು ಒಂದು ವಾರದಲ್ಲಿ ತಿಳಿಯುತ್ತದೆ. ಹೆಚ್ಚಿನವರದ್ದು ಎರಡೇ: ಆವರಣದ ಹೊರಗಿನ ಋಣಚಿಹ್ನೆ ಒಳಗಿನ ಎರಡನೆಯ ಪದಕ್ಕೆ ತಲುಪದಿರುವುದು, ಮತ್ತು ಪಕ್ಷಾಂತರದಲ್ಲಿ ಚಿಹ್ನೆ ಬದಲಿಸಲು ಮರೆಯುವುದು.

ಸಾಲ್ವ್ ಎಲ್ಲಿ ಕೈಕೊಡುತ್ತದೆ? ಆವರಣ ಮರೆತಾಗ. (ಕ್ಷ + 1)/2 − (ಕ್ಷ − 2)/3 = 4, ಇದರ ಉತ್ತರ 17. ಭಿನ್ನರಾಶಿಯ ಚೌಕಟ್ಟಿನ ಕೀಲಿ ಬಳಸದೆ, ಆವರಣವೂ ಇಲ್ಲದೆ ಕ್ಷ + 1 ÷ 2 − ಕ್ಷ − 2 ÷ 3 = 4 ಎಂದು ಬರೆದರೆ, ಭಾಗಾಕಾರ 1ಕ್ಕೆ ಮತ್ತು 2ಕ್ಕೆ ಮಾತ್ರ ಅಂಟಿಕೊಂಡು, ಕ್ಷ ಮತ್ತು −ಕ್ಷ ಒಂದನ್ನೊಂದು ನುಂಗಿಹಾಕುತ್ತವೆ. ಚರಾಕ್ಷರವೇ ಉಳಿಯದ್ದರಿಂದ 'ಕಾಂಟ್ ಸಾಲ್ವ್' ಎಂಬ ಸಂದೇಶ. ಆ ಸಂದೇಶ ಕಂಡ ಕೂಡಲೇ ಪರಿಹಾರವಿಲ್ಲ ಎಂದು ಬರೆಯಬೇಡಿ, ಮೊದಲು ಆವರಣ ನೋಡಿ. ಚೌಕಟ್ಟಿನ ಕೀಲಿಯಿಂದ ಬರೆದರೆ ಪುಸ್ತಕದಲ್ಲಿದ್ದಂತೆ ಮೇಲೊಂದು ಕೆಳಗೊಂದು ಕಾಣುತ್ತದೆ, ಈ ತಪ್ಪಿಗೆ ಅವಕಾಶವೇ ಇಲ್ಲ.

ಇನ್ನೊಂದು ಬಲೆ ನಿತ್ಯಸಮೀಕರಣದ್ದು. 2(ಕ್ಷ + 3) = 2ಕ್ಷ + 6 ಕೊಟ್ಟು ಆರಂಭದ ಬೆಲೆ 0 ಎಂದರೆ ಉತ್ತರ 0, ಎಡ-ಬಲಗಳ ವ್ಯತ್ಯಾಸವೂ 0 ಎಂದು ತೋರಿಸುತ್ತದೆ. ಆರಂಭ 5 ಎಂದರೆ ಉತ್ತರ 5. ನೀವು ಕೊಟ್ಟದ್ದನ್ನೇ ನಿಮಗೆ ಹಿಂತಿರುಗಿಸುತ್ತಿದೆ, ಏಕೆಂದರೆ ಯಾವ ಬೆಲೆಯೂ ಸಮೀಕರಣಕ್ಕೆ ಹೊಂದುತ್ತದೆ. ಹಾಗಾಗಿ ಉತ್ತರ ನಿಮ್ಮ ಆರಂಭದ ಬೆಲೆಯೇ ಆಗಿ ಬಂದರೆ ಬೇರೊಂದು ಬೆಲೆಯಿಂದ ಮತ್ತೊಮ್ಮೆ ಮಾಡಿ.

ಸಾಲ್ವ್ ದಶಮಾಂಶದಲ್ಲಿ ಉತ್ತರ ಕೊಡುತ್ತದೆ. ಸಮಯದ ಲೆಕ್ಕದಲ್ಲಿ ಇದು ಅಡ್ಡಿಯಾಗಬೇಕಿಲ್ಲ. ಮಂಗಳೂರು-ಉಡುಪಿ ನಡುವೆ 60 ಕಿ.ಮೀ. ಎಂದಿಟ್ಟುಕೊಳ್ಳಿ. ಮಂಗಳೂರಿನಿಂದ ಗಂಟೆಗೆ 40 ಕಿ.ಮೀ. ವೇಗದ ಬಸ್ ಹೊರಟಿತು, ಅರ್ಧ ಗಂಟೆ ತಡವಾಗಿ ಉಡುಪಿಯಿಂದ 50 ಕಿ.ಮೀ. ವೇಗದ್ದು. ಮೊದಲ ಬಸ್ ಹೊರಟು ಎಷ್ಟು ಹೊತ್ತಿಗೆ ಎರಡೂ ಎದುರಾಗುತ್ತವೆ? 40ಕ್ಷ + 50(ಕ್ಷ − 0.5) = 60. ಉತ್ತರ 0.9444 ಗಂಟೆ. ಆಲ್ಫಾ ಕ್ಷ ಸಮ ಒತ್ತಿ, ಅಂಶ-ನಿಮಿಷ-ಸೆಕೆಂಡಿನ ಕೀಲಿ ಒತ್ತಿದರೆ 0, 56, 40 ಎಂದು ಬರುತ್ತದೆ: 56 ನಿಮಿಷ 40 ಸೆಕೆಂಡು. ಕೋನಕ್ಕೆಂದು ಇರುವ ಕೀಲಿ ಗಂಟೆಗೂ ಸರಿಹೋಗುತ್ತದೆ, ಎರಡರಲ್ಲೂ ಅರವತ್ತರ ಲೆಕ್ಕವೇ.

ಯಂತ್ರಕ್ಕೆ ಗೊತ್ತಿಲ್ಲದ್ದು

ಸಮೀಕರಣ ಕಟ್ಟುವ ಹಂತದಲ್ಲಿ ಯಾವ 991 ಕೂಡ ನೆರವಾಗುವುದಿಲ್ಲ. ಶಂಕರಪುರ ಮಲ್ಲಿಗೆಯ ಲೆಕ್ಕ ನೋಡಿ. ಕಟ್ಟಿದ ಹೂವಿನ ಅಳತೆಯಲ್ಲಿ 4 ಚೆಂಡು ಸೇರಿದರೆ 1 ಅಟ್ಟೆ. 3 ಅಟ್ಟೆ 2 ಚೆಂಡು ಮಾರಿ, 150 ರೂಪಾಯಿ ಸಾಗಣೆ ಕಳೆದು 2,650 ಉಳಿದರೆ ಅಟ್ಟೆಗೆ ದರ ಎಷ್ಟು? (ದರ ಲೆಕ್ಕಕ್ಕಾಗಿ ಇಟ್ಟುಕೊಂಡದ್ದು, ಕಟ್ಟೆಯ, ಅಂದರೆ ಹೂವಿನ ಮಾರುಕಟ್ಟೆಯ, ದರ ದಿನಕ್ಕೊಂದು.) 3.5ಕ್ಷ − 150 = 2650, ಅಟ್ಟೆಗೆ 800 ರೂಪಾಯಿ. ಆದರೆ 3 ಅಟ್ಟೆ 2 ಚೆಂಡನ್ನು 3.2 ಎಂದು ಬರೆದವರಿಗೆ ಯಂತ್ರ 875 ಎನ್ನುತ್ತದೆ. ಅಚ್ಚುಕಟ್ಟಾದ ಪೂರ್ಣಾಂಕ, ಅನುಮಾನವೇ ಬಾರದಂಥದ್ದು. ಚೆಂಡಿಗೆ ಕ್ಷ ಎಂದಿಟ್ಟುಕೊಂಡರೆ 14ಕ್ಷ − 150 = 2650, ಚೆಂಡಿಗೆ 200, ದಶಮಾಂಶದ ಕಾಟವೇ ಇಲ್ಲ. ಸಣ್ಣ ಅಳತೆಯನ್ನು ಚರಾಕ್ಷರವಾಗಿ ತೆಗೆದುಕೊಳ್ಳುವುದು ಇಂಥ ಲೆಕ್ಕಗಳಲ್ಲಿ ಎಂದಿಗೂ ಕ್ಷೇಮ. ಗಂಟೆ-ನಿಮಿಷ, ಅಡಿ-ಇಂಚು, ಡಜನ್-ಬಿಡಿ ಎಲ್ಲಕ್ಕೂ ಇದು ಅನ್ವಯ.

ಪರೀಕ್ಷೆ ಮತ್ತು ಮಳೆಗಾಲ

ಎಸ್ಸೆಸ್ಸೆಲ್ಸಿ ಗಣಿತಕ್ಕೆ, ಸಿಇಟಿಗೆ, ಜೆಇಇ ಮೇನ್‌ಗೆ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಗೇಟ್ ಪರೀಕ್ಷೆಯಲ್ಲಿ ಪರದೆಯ ಮೇಲೆ ಅವರದೇ ಕ್ಯಾಲ್ಕುಲೇಟರ್ ಇರುತ್ತದೆ, ಅದರಲ್ಲಿ ಸಮೀಕರಣದ ಮೋಡ್ ಇಲ್ಲ. ಹಾಗಾಗಿ ಹತ್ತನೆಯವರೆಗಿನ ಮಗುವಿಗೆ ಕೊಡಿಸುವುದಾದರೆ ಮನೆಯ ಅಭ್ಯಾಸದ ತಾಳೆಗೆಂದೇ ಕೊಡಿಸಿ. ಎಂಜಿನಿಯರಿಂಗ್ ಪರೀಕ್ಷೆಗಳಲ್ಲಿ ಪ್ರೋಗ್ರಾಂ ಮಾಡಲಾಗದ ಯಂತ್ರಗಳಿಗೆ ಸಾಮಾನ್ಯವಾಗಿ ಅವಕಾಶವಿದೆ, ಇಎಸ್ ಪ್ಲಸ್ ಆ ವರ್ಗದ್ದು. ಆದರೂ ಅನುಮತಿಸಿದ ಮಾದರಿ ಯಾವುದೆಂದು ನಿಮ್ಮ ಕಾಲೇಜಿನ ಸೂಚನೆಯಲ್ಲಿ ಓದಿಕೊಳ್ಳಿ.

ಯಾರದ್ದೋ ಯಂತ್ರ ಎರವಲು ಪಡೆದು ಪರೀಕ್ಷೆಗೆ ಕೂತಾಗ ಅದು ರೇಡಿಯನ್‌ನಲ್ಲೋ, ಎರಡೇ ದಶಮಾಂಶಕ್ಕೆ ಕಟ್ಟಿಹಾಕಿದ ಸ್ಥಿತಿಯಲ್ಲೋ ಇರಬಹುದು. ಇಎಸ್ ಪ್ಲಸ್ ಆದರೆ ಶಿಫ್ಟ್, 9, 3, ಸಮ ಒತ್ತಿದರೆ ಎಲ್ಲ ಸೆಟ್ಟಿಂಗ್‌ಗಳೂ ಕಾರ್ಖಾನೆಯಿಂದ ಬಂದಂತಾಗುತ್ತವೆ, ನೆನಪಿನ ಜಾಗಗಳೂ ಖಾಲಿಯಾಗುತ್ತವೆ.

ಇಎಸ್ ಪ್ಲಸ್ ಸೌರಫಲಕದಿಂದಲೂ ಒಂದು ಎಲ್‌ಆರ್44 ಗುಂಡಿ ಬ್ಯಾಟರಿಯಿಂದಲೂ ನಡೆಯುತ್ತದೆ. ಬೆಳಕಿರುವ ತನಕ ಫಲಕವೇ ಎಳೆಯುವುದರಿಂದ ಬ್ಯಾಟರಿ ಸತ್ತದ್ದು ತಿಳಿಯುವುದೇ ಇಲ್ಲ. ಜುಲೈ ಮಳೆಯಲ್ಲಿ, ಕರೆಂಟ್ ಹೋದ ಮಬ್ಬು ಕೋಣೆಯಲ್ಲಿ ಪರದೆ ಮಸುಕಾದಾಗಲೇ ಗೊತ್ತಾಗುವುದು. ಪರೀಕ್ಷೆಗೆ ಮುಂಚೆ ಫಲಕವನ್ನು ಬೆರಳಿಂದ ಪೂರ್ತಿ ಮುಚ್ಚಿ ಒಂದು ಮೂರು ಚರಾಕ್ಷರದ ಲೆಕ್ಕ ಮಾಡಿ ನೋಡಿ, ಅಕ್ಷರ ಗಾಢವಾಗಿಯೇ ಉಳಿದರೆ ಬ್ಯಾಟರಿ ಸರಿಯಿದೆ. ಕರಾವಳಿಯ ಉಪ್ಪು ತೇವಕ್ಕೆ ಹಿಂಬದಿಯ ಸ್ಕ್ರೂಗಳು ತುಕ್ಕು ಹಿಡಿದು ತಲೆ ಸವೆಯುತ್ತವೆ, ಆಮೇಲೆ ಬ್ಯಾಟರಿ ಬದಲಿಸುವುದೇ ಕಷ್ಟ. ಒದ್ದೆ ಕೊಡೆಯ ಜೊತೆ ಬ್ಯಾಗಿನಲ್ಲಿ ತುರುಕದೆ, ಜೊತೆಗೆ ಬರುವ ಜಾರುಮುಚ್ಚಳ ಹಾಕಿ, ಒಣ ಬಟ್ಟೆಯಲ್ಲಿ ಸುತ್ತಿ, ಬೇರೆ ಖಾನೆಯಲ್ಲಿ ಇಡಿ.